ಮಳೆಗಾಲದಲ್ಲಿ ಜಾರದ ಕಲ್ಲು ಮೆಟ್ಟಿಲು ಹೇಗೆ ಕಟ್ಟಿಸುವುದು? ಹಿಮ ಬೀಳುವ ಊರಲ್ಲಿ ಇದ್ದವರೂ ಹೇಳಿ

ಹಟ್ಟಿಹೊಳೆ ತೋಟ · ಜನವರಿ 11

ಎಲ್ಲರಿಗೂ ನಮಸ್ಕಾರ. ಕಳೆದ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ನಮ್ಮ ಅಮ್ಮ ಮನೆ ಮೆಟ್ಟಿಲಲ್ಲಿ ಜಾರಿ ಬಿದ್ದರು. ಅವರಿಗೆ 74 ವರ್ಷ. ಬಲಗೈ ಮಣಿಕಟ್ಟು ಮುರಿಯಿತು. ಈಗ ಕೈ ಸರಿಯಾಗಿದೆ, ಆದರೆ ಮನಸ್ಸಿನ ಭಯ ಹೋಗಿಲ್ಲ. ಮಳೆ ಹನಿ ಬಿದ್ದರೆ ಸಾಕು, ಅಂಗಳ ದಾಟುವುದಿಲ್ಲ. ದಿನಾ ರಸ್ತೆ ಬದಿಗೆ ಇಳಿದು ನಾಲ್ಕು ಜನರ ಹತ್ತಿರ ಮಾತಾಡುತ್ತಿದ್ದವರು ಈಗ ಕಿಟಕಿ ಹತ್ತಿರ ಕೂತಿರುತ್ತಾರೆ. ಅದನ್ನು ನೋಡಲು ಆಗುತ್ತಿಲ್ಲ.

ನಮ್ಮ ಮನೆ ರಸ್ತೆಗಿಂತ 11 ಅಡಿ ಮೇಲಿದೆ. 18 ಮೆಟ್ಟಿಲು. 2016ರಲ್ಲಿ ಒಬ್ಬ ಗುತ್ತಿಗೆದಾರರು ಮಾಡಿಕೊಟ್ಟಿದ್ದು. ಸಿಮೆಂಟ್ ಮೆಟ್ಟಿಲು ಹಾಕಿ, ಅದರ ಮೇಲೆ ಪಾಲಿಶ್ ಗ್ರಾನೈಟ್ ಹಲಗೆ ಅಂಟಿಸಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸೋಪು ಹಚ್ಚಿದ ಹಾಗೆ ಇರುತ್ತದೆ. ಕೆಳಗಿನಿಂದ 6ನೆಯ ಮೆಟ್ಟಿಲಿನಿಂದ 9ರವರೆಗೆ ಹಲಗೆಗಳು ಅಲುಗಾಡುತ್ತವೆ. ಅಮ್ಮ ಬಿದ್ದದ್ದೂ ಅಲ್ಲೇ.

ಎಲ್ಲ ಕಿತ್ತು ಗಟ್ಟಿ ಕಲ್ಲಿನಲ್ಲಿ ಹೊಸದಾಗಿ ಮಾಡಿಸಬೇಕು ಅಂತಿದ್ದೇನೆ. ಕಾಫಿ ಕೊಯ್ಲು ಮುಗಿಯದೆ ಜನ ಸಿಗುವುದಿಲ್ಲ, ಹಾಗಾಗಿ ಮಾರ್ಚ್‌ನಲ್ಲಿ ಶುರು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಗೊತ್ತು. ಆದರೆ ಮಂಜುಗಡ್ಡೆಯ ಮೇಲೆ ಜಾರದ ಹಾಗೆ ಮೆಟ್ಟಿಲು ಕಟ್ಟುವವರಿಗೆ ನಮಗೆ ಗೊತ್ತಿಲ್ಲದ ಏನೋ ಗೊತ್ತಿರಬೇಕು ಅಲ್ವಾ? ಅದಕ್ಕೇ ಕೇಳುತ್ತಿದ್ದೇನೆ.

ಕಲ್ಲು ಕೆಲಸ, ಸೋಮವಾರಪೇಟೆ · ಜನವರಿ 11

ಅಮ್ಮನಿಗೆ ಬೇಗ ಧೈರ್ಯ ಬರಲಿ. ನಾನು 26 ವರ್ಷದಿಂದ ಕಲ್ಲಿನ ಕೆಲಸ ಮಾಡುತ್ತಿದ್ದೇನೆ. ಪಾಲಿಶ್ ಕಲ್ಲು ಮನೆ ಒಳಗೆ ಇರಬೇಕು, ಹೊರಗೆ ಅಲ್ಲ. ನಮ್ಮ ಕಡೆ ಮೆಟ್ಟಿಲಿಗೆ ಉಳಿ ಏಟು ಹಾಕಿದ ಕಾಡುಗಲ್ಲೇ ಸರಿ. ಯಂತ್ರದಲ್ಲಿ ಕೊಯ್ದ ಕಲ್ಲಾದರೆ ಫ್ಲೇಮ್ ಮಾಡಿಸಿ. ಬೆಂಕಿ ತಾಗಿದಾಗ ಮೇಲ್ಮೈಯ ಹರಳುಗಳು ಸಿಡಿದು ಒರಟಾಗುತ್ತದೆ. ಹಿಡಿತ ಚೆನ್ನಾಗಿ ಬರುತ್ತದೆ.

ಈಗಿನ ಮೆಟ್ಟಿಲನ್ನು ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ ಹಲಗೆ ಬಿಟ್ಟಿದೆ, ಅಡಿಯಲ್ಲಿ ನೀರು ಸೇರಿದೆ.

ಕರಿಮೆಣಸು, ಮಾದಾಪುರ · ಜನವರಿ 12

ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ, ಹಾಕಬೇಡಿ. ನಮ್ಮ ಕಣದ ಮೆಟ್ಟಿಲಿಗೆ ಹಾಕಿ ಅನುಭವಿಸಿದ್ದೇವೆ. ತುಂಬಾ ತೂತು ಇರುವ ಕಲ್ಲು. ಒಮ್ಮೆ ನೀರು ಕುಡಿದರೆ ಅಕ್ಟೋಬರ್‌ವರೆಗೆ ಒಣಗುವುದಿಲ್ಲ. ಪಾಚಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮಾಜಿ ಸೈನಿಕ, ವಿರಾಜಪೇಟೆ · ಜನವರಿ 12

ತಮ್ಮಾ, ನೀನು ಕೇಳಿದ ಪ್ರಶ್ನೆ ಸರಿಯಾಗಿದೆ. ನಾನು ಎರಡು ಚಳಿಗಾಲ ಲಡಾಖ್‌ನಲ್ಲಿದ್ದೆ. ಲೇಹ್ ಊರೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ಮಡಿಕೇರಿಯ ಮೂರು ಪಟ್ಟು. ನಾವಿದ್ದದ್ದು ಅದಕ್ಕೂ ಮೇಲೆ. ಗುಡ್ಡದ ಮೈಗೆ ಕಲ್ಲು ಜೋಡಿಸಿ ಮೆಟ್ಟಿಲು ಮಾಡಿಕೊಂಡಿದ್ದೆವು.

ಅಲ್ಲಿ ಮಳೆಯೇ ಕಡಿಮೆ. ಹಿಮವೂ ನೀನು ಅಂದುಕೊಂಡಷ್ಟು ಇರುವುದಿಲ್ಲ. ಆದರೂ ನಮ್ಮ ಹುಡುಗರು ಜಾರುತ್ತಿದ್ದದ್ದು ಒಂದೇ ಕಡೆ, ನೀರಿನ ಟ್ಯಾಂಕಿನಿಂದ ಅಡುಗೆ ಮನೆಗೆ ಬರುವ ಏಳೆಂಟು ಮೆಟ್ಟಿಲಲ್ಲಿ. ಕ್ಯಾನ್‌ನಿಂದ ತುಳುಕಿದ ನೀರು ಕಲ್ಲಿನ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟುತ್ತಿತ್ತು. ಇನ್ನೊಂದು ಜಾಗ ಬಾಗಿಲಿನ ಮುಂದೆ. ಮಧ್ಯಾಹ್ನದ ಬಿಸಿಲಿಗೆ ಮಾಡಿನ (ಛಾವಣಿಯ) ಹಿಮ ಕರಗಿ ತೊಟ್ಟಿಕ್ಕುತ್ತದೆ, ಸಂಜೆ 4 ಗಂಟೆಗೆ ಅದೇ ನೀರು ಗಡ್ಡೆ. ಕಣ್ಣಿಗೆ ಕಾಣುವುದೇ ಇಲ್ಲ. ಒದ್ದೆ ಕಲ್ಲು ಅಂದುಕೊಂಡು ಕಾಲಿಡುತ್ತೀವಿ.

ಮರಳು, ಸಣ್ಣ ಜಲ್ಲಿ ಎಷ್ಟು ಚೆಲ್ಲಿದರೂ ಮರುದಿನ ಅದೇ ಕಥೆ. ಕೊನೆಗೆ ನಮ್ಮ ಹವಾಲ್ದಾರರು ನೀರು ತರುವ ದಾರಿಯನ್ನೇ ಬೇರೆ ಮಾಡಿಸಿದರು. ಮಾಡಿನ ತುದಿಗೆ ತಗಡು ಕಟ್ಟಿ ನೀರನ್ನು ಪಕ್ಕಕ್ಕೆ ಬೀಳಿಸಿದರು. ಆಮೇಲೆ ಯಾರೂ ಬೀಳಲಿಲ್ಲ. ಕಲ್ಲು ಅದೇ, ಮೆಟ್ಟಿಲು ಅದೇ.

ನಿನ್ನ 6ನೆಯ ಮೆಟ್ಟಿಲಿಗೆ ನೀರು ಎಲ್ಲಿಂದ ಬರುತ್ತಿದೆ? ಮೊದಲು ಅದನ್ನು ಹುಡುಕು. ಕಲ್ಲು ಆಮೇಲೆ.

ಕ್ಯಾಲ್ಗರಿಯಿಂದ, ನಾಪೋಕ್ಲು ಹುಡುಗಿ · ಜನವರಿ 13

ಇದನ್ನು ಓದುವಾಗ ಹೊರಗೆ ಮೈನಸ್ 22 ಇದೆ. ಅಂಕಲ್ ಹೇಳಿದ ಮಾತು ಇಲ್ಲೂ ನೂರಕ್ಕೆ ನೂರು ನಿಜ.

ನಮ್ಮ ಮನೆ ಮುಂದೆ ಐದು ಕಲ್ಲಿನ ಮೆಟ್ಟಿಲಿದೆ. ಮೊದಲು ಹಾಕಿಸಿದಾಗ ಕೆಲಸದವರು ಮಣ್ಣಿನ ಮೇಲೆ ನೇರವಾಗಿ ಕೂರಿಸಿದ್ದರು. ಎರಡನೆಯ ಚಳಿಗಾಲ ಕಳೆದಾಗ ಮೇಲಿನ ಕಲ್ಲು ಮನೆ ಕಡೆಗೆ ಒಂದು ಇಂಚು ವಾಲಿತ್ತು. ಅಲ್ಲಿ ನೀರು ನಿಂತು ಬಾಗಿಲ ಮುಂದೆಯೇ ಗಡ್ಡೆ. ನಾನು ಏಳು ತಿಂಗಳ ಬಸುರಿ ಆಗ. ಹಿಂಬಾಗಿಲಿನಿಂದ ಓಡಾಡಿದೆವು.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಕೂತು ಓದಿದೆ. ನೀರು ಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ, ಇದು ನಾವು ಶಾಲೆಯಲ್ಲಿ ಕಲಿತದ್ದೇ. ಆದರೆ ನೆಲ ಏಳುವುದಕ್ಕೆ ಅದೊಂದೇ ಕಾರಣ ಅಲ್ಲ. ನಯವಾದ ಮಣ್ಣು ಕೆಳಗಿನ ತೇವವನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತದೆ. ಅದು ಕಲ್ಲಿನ ಕೆಳಗೆ ಪದರ ಪದರವಾಗಿ ಹೆಪ್ಪುಗಟ್ಟಿ, ನೂರಾರು ಕಿಲೋ ಕಲ್ಲನ್ನೂ ಎತ್ತುತ್ತದೆ. ಜಲ್ಲಿಯಲ್ಲಿ ಸಂದಿ ದೊಡ್ಡದು. ಅದು ನೀರನ್ನು ಮೇಲೆ ಎಳೆಯುವುದಿಲ್ಲ, ಕೆಳಗೆ ಬಿಟ್ಟುಬಿಡುತ್ತದೆ. ಅದಕ್ಕೇ ಇಲ್ಲಿ ಎಲ್ಲರೂ ಮೊದಲು ಕೇಳುವುದು "ಅಡಿಗೆ ಎಷ್ಟು ಜಲ್ಲಿ ಹಾಕಿದ್ದೀರಿ" ಅಂತ.

ನಮ್ಮ ಊರಿನ ಇನ್ನೊಂದು ಕಷ್ಟ ಶಿನೂಕ್ ಗಾಳಿ. ನಡು ಚಳಿಗಾಲದಲ್ಲಿ ಬೆಟ್ಟದ ಕಡೆಯಿಂದ ಬಿಸಿ ಗಾಳಿ ಬೀಸಿ ಹಿಮ ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಒಂದೇ ಚಳಿಗಾಲದಲ್ಲಿ ಎಷ್ಟೋ ಸಲ. ಕಲ್ಲಿನ ಮಧ್ಯೆ ಸಿಮೆಂಟ್ ತುಂಬಿದ ಮೆಟ್ಟಿಲುಗಳು ಹೀಗೇ ಬಿರುಕು ಬಿಡುತ್ತವೆ. ಹೊಸದಾಗಿ ಮಾಡಿಸುವಾಗ ನಾವು ಸಿಮೆಂಟೇ ಹಾಕಿಸಲಿಲ್ಲ. ಒಂದು ಅಡಿಗೂ ಜಾಸ್ತಿ ಜಲ್ಲಿ, ಮೇಲೆ ದಪ್ಪ ಕಲ್ಲು, ಒಂದರ ಬೆನ್ನ ಮೇಲೆ ಇನ್ನೊಂದು. ಆರು ಚಳಿಗಾಲ ಆಯಿತು. ಅಲುಗಿಲ್ಲ.

ಹಟ್ಟಿಹೊಳೆ ತೋಟ · ಜನವರಿ 13

ಅಕ್ಕ, ಅಂಕಲ್, ತುಂಬಾ ಥ್ಯಾಂಕ್ಸ್. ಮೇಸ್ತ್ರಿ ಅಣ್ಣ ಹೇಳಿದ ಹಾಗೆ ತಟ್ಟಿ ನೋಡಿದೆ. 5ರಿಂದ 10ರವರೆಗೆ ಎಲ್ಲವೂ ಟೊಳ್ಳು. ಆದರೆ ಈಗ ಮಳೆ ಇಲ್ಲ. ನೀರು ಎಲ್ಲಿಂದ ಬರುತ್ತದೆ ಅಂತ ಹೇಗೆ ಹುಡುಕುವುದು?

ಸಿವಿಲ್, ಕುಶಾಲನಗರ · ಜನವರಿ 13

ಡ್ರಮ್‌ನಲ್ಲಿ ನೀರು ತುಂಬಿ ಅಂಗಳದಲ್ಲಿ ಸುರಿಯಿರಿ. ಮಾಡಿನ ನೀರು ಬೀಳುವ ಜಾಗದಲ್ಲೂ ಸುರಿಯಿರಿ. ಸ್ವಲ್ಪ ಅರಿಶಿನ ಕಲಸಿದರೆ ಇನ್ನೂ ಸುಲಭ. ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ನೋಡಿ.

ಹಟ್ಟಿಹೊಳೆ ತೋಟ · ಜನವರಿ 15

ನೋಡಿದೆವು. ನಾನು ಮೇಲೆ, ನನ್ನ ಹೆಂಡತಿ ಕೆಳಗೆ. ಮೊದಲ ಡ್ರಮ್ ಅಂಗಳದಲ್ಲಿ ಸುರಿದಾಗ ನೀರು ಮೆಟ್ಟಿಲ ಮೇಲೆಯೇ ಹರಿದು ರಸ್ತೆಗೆ ಹೋಯಿತು. ಎರಡನೆಯದನ್ನು ಮಾಡಿನ ಪೈಪ್ ಬೀಳುವ ಮೂಲೆಯಲ್ಲಿ ಸುರಿದೆ. ಅದು ನೆಲಕ್ಕೆ ಇಂಗಿ ಮಾಯವಾಯಿತು. ಹತ್ತು ನಿಮಿಷ ಆದ ಮೇಲೆ ಹೆಂಡತಿ ಕೂಗಿದಳು. 6ನೆಯ ಮೆಟ್ಟಿಲಿನ ಬುಡದಿಂದ ಹಳದಿ ನೀರು ಜಿನುಗುತ್ತಿತ್ತು.

ಒಂದು ಪೈಪ್. ಎಂಟು ಮಳೆಗಾಲದಿಂದ ಮನೆ ಮಾಡಿನ ಅರ್ಧ ನೀರು ಮೆಟ್ಟಿಲ ಅಡಿಗೇ ಹೋಗುತ್ತಿತ್ತು. ನಮ್ಮ ಕಡೆ ವರ್ಷಕ್ಕೆ 120 ಇಂಚು ಮಳೆ. ಅಮ್ಮನಿಗೆ ತೋರಿಸಿದೆ. "ಅಷ್ಟೇನಾ?" ಅಂದರು.

ಮಾಜಿ ಸೈನಿಕ, ವಿರಾಜಪೇಟೆ · ಜನವರಿ 15

ಶಭಾಷ್.

ಸಿವಿಲ್, ಕುಶಾಲನಗರ · ಜನವರಿ 15

ಒಳ್ಳೆಯದಾಯಿತು. ಆದರೆ ಇದನ್ನು ಬರೀ ಮೆಟ್ಟಿಲಿನ ವಿಷಯ ಅಂತ ಬಿಡಬೇಡಿ. ನಿಮ್ಮದು ಹಟ್ಟಿಹೊಳೆ. 2018ರ ಆಗಸ್ಟ್‌ನಲ್ಲಿ ನಿಮ್ಮ ಸುತ್ತಮುತ್ತ, ಮಕ್ಕಂದೂರು ಕಡೆ, ಗುಡ್ಡಗಳು ಹೇಗೆ ಜರಿದವು ಅಂತ ನಾನು ಹೇಳಬೇಕಾಗಿಲ್ಲ. ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಒಳಗೆ ನೀರು ಇಂಗಿಸುವುದು ಮೆಟ್ಟಿಲಿಗೂ ಅಪಾಯ, ಮನೆಗೂ ಅಪಾಯ. ಆ ಪೈಪಿನ ನೀರನ್ನು ಇನ್ನೊಂದು ಪೈಪ್ ಜೋಡಿಸಿ ರಸ್ತೆ ಚರಂಡಿವರೆಗೆ ಒಯ್ಯಿರಿ. ಅಂಗಳದ ತುದಿಯಲ್ಲಿ, ಮೊದಲ ಮೆಟ್ಟಿಲಿಗಿಂತ ಮುಂಚೆ, ಅಡ್ಡ ಚರಂಡಿ ಮಾಡಿ ನೀರನ್ನು ಪಕ್ಕಕ್ಕೆ ತಿರುಗಿಸಿ. ತೋಟದಲ್ಲಿ ಮಳೆ ನೀರು ಇಂಗಿಸಲು ತೊಟ್ಟಿಲು ಗುಂಡಿ ತೆಗೆಯುವುದು ಒಳ್ಳೆಯ ಅಭ್ಯಾಸವೇ, ಆದರೆ ಮನೆ ಬರೆಯ ತಲೆಯ ಮೇಲೆ ಬೇಡ.

ಇನ್ನು ಅಳತೆ. 11 ಅಡಿ ಅಂದರೆ 132 ಇಂಚು. 18 ಮೆಟ್ಟಿಲಾದರೆ ಒಂದಕ್ಕೆ 7.3 ಇಂಚು ಬರುತ್ತದೆ. ಹೊರಗಿನ ಮೆಟ್ಟಿಲಿಗೆ, ಅದೂ ವಯಸ್ಸಾದವರಿಗೆ, ಇದು ಜಾಸ್ತಿ. ಹಳೆಯ ಲೆಕ್ಕ ಒಂದಿದೆ. 17ನೆಯ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಹೇಳಿದ್ದು. ಎತ್ತರದ ಎರಡು ಪಟ್ಟಿಗೆ ಕಾಲಿಡುವ ಜಾಗದ ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆ ಬರಬೇಕು. ಈಗ ನಾವು ಅದನ್ನು ಸುಮಾರು 25 ಇಂಚು ಅಂತ ಇಟ್ಟುಕೊಳ್ಳುತ್ತೇವೆ. ನಿಮಗೆ 6 ಇಂಚು ಎತ್ತರ, 13 ಇಂಚು ಅಗಲ ಸರಿಹೋಗುತ್ತದೆ. 22 ಮೆಟ್ಟಿಲಾಗುತ್ತದೆ. 11 ಆದ ಮೇಲೆ 4 ಅಡಿಯ ಸಮತಟ್ಟು ಜಾಗ ಬಿಡಿ, ಅಮ್ಮ ನಿಂತು ಉಸಿರು ತೆಗೆದುಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯ, ಎಲ್ಲ ಮೆಟ್ಟಿಲಿನ ಎತ್ತರ ಒಂದೇ ಇರಬೇಕು. ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೂ ಕಾಲು ಎಡವುತ್ತದೆ. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಆ ಎತ್ತರವನ್ನು ಕಲಿತುಬಿಡುತ್ತದೆ. ಮೂರನೆಯದಕ್ಕೆ ನಾವು ನೋಡುವುದೇ ಇಲ್ಲ.

ಕಲ್ಲು ಕೆಲಸ, ಸೋಮವಾರಪೇಟೆ · ಜನವರಿ 16

ಅಳತೆ ಎಲ್ಲ ಒಪ್ಪುತ್ತೇನೆ. ಸಿಮೆಂಟ್ ಇಲ್ಲದೆ ಕಲ್ಲು ಜೋಡಿಸುವುದಕ್ಕೆ ಮಾತ್ರ ನನಗೆ ಮನಸ್ಸು ಒಪ್ಪುವುದಿಲ್ಲ. ಸಂದಿಯಲ್ಲಿ ಹುಲ್ಲು ಬೆಳೆಯುತ್ತದೆ. ಹಾವು ಸೇರುತ್ತದೆ. ಕೆನಡಾದಲ್ಲಿ ಗಡ್ಡೆ ಕಟ್ಟುತ್ತದೆ, ಇಲ್ಲಿ ಕಟ್ಟುವುದಿಲ್ಲವಲ್ಲ.

ಕ್ಯಾಲ್ಗರಿಯಿಂದ, ನಾಪೋಕ್ಲು ಹುಡುಗಿ · ಜನವರಿ 16

ಅಣ್ಣ, ನಿಮ್ಮ ಮಾತು ಸರಿ. ಗಡ್ಡೆ ಅಲ್ಲಿ ಇಲ್ಲ. ಆದರೆ ಸಿಮೆಂಟ್ ತುಂಬಿದರೆ ಹಿಂದಿನಿಂದ ಬಂದ ನೀರಿಗೆ ಹೊರಗೆ ಹೋಗಲು ದಾರಿ ಎಲ್ಲಿ? ಇಲ್ಲಿ ಆ ನೀರು ಹೆಪ್ಪುಗಟ್ಟಿ ಕಲ್ಲನ್ನು ಎತ್ತುತ್ತದೆ. ಅಲ್ಲಿ ಅದೇ ನೀರು ಮಣ್ಣನ್ನು ತೊಳೆದುಕೊಂಡು ಹೋಗಿ ಕಲ್ಲನ್ನು ಇಳಿಸುತ್ತದೆ. ನನ್ನ ತವರು ಮನೆಯ ಹಳೆಯ ಓಣಿಯ ಮೆಟ್ಟಿಲಿಗೆ ಸಿಮೆಂಟೇ ಇಲ್ಲ. ತಾತನ ಕಾಲದಿಂದ ಹಾಗೇ ನಿಂತಿದೆ.

ಕಲ್ಲು ಕೆಲಸ, ಸೋಮವಾರಪೇಟೆ · ಜನವರಿ 18

ಎರಡು ದಿನ ಯೋಚನೆ ಮಾಡಿದೆ. ನಮ್ಮ ತಂದೆ ಕಟ್ಟಿದ ಬರೆಗಟ್ಟೆಗಳಿಗೂ ಸಿಮೆಂಟ್ ಇರಲಿಲ್ಲ. ದೊಡ್ಡ ಕಲ್ಲು, ಮಧ್ಯೆ ಚಕ್ಕೆ ಕಲ್ಲು, ಅಷ್ಟೇ. 2018ರಲ್ಲಿ ನಾನು ಸಿಮೆಂಟಿನಲ್ಲಿ ಕಟ್ಟಿದ ಎರಡು ಗೋಡೆ ಹೊಟ್ಟೆ ಉಬ್ಬಿ ಬಿದ್ದವು. ನೀರು ಹೋಗಲು ಪೈಪಿನ ತೂತು ಕಡಿಮೆ ಇಟ್ಟಿದ್ದೆ. ಅಪ್ಪ ಕಟ್ಟಿದ್ದು ನಿಂತಿದೆ. ಅಕ್ಕ ಹೇಳಿದ್ದು ಸರಿ.

ನಾನೇ ಬಂದು ಮಾಡಿಕೊಡುತ್ತೇನೆ. ಹೀಗೆ ಮಾಡೋಣ. ಹಳೆಯದನ್ನು ಪೂರ್ತಿ ಕಿತ್ತು, ಗಟ್ಟಿ ಮಣ್ಣು ಸಿಗುವವರೆಗೆ ತೆಗೆಯೋಣ. ಮಣ್ಣು ಜಲ್ಲಿಗೆ ಸೇರದ ಹಾಗೆ ಜಿಯೋ ಬಟ್ಟೆ ಹಾಸೋಣ. ಅದರ ಮೇಲೆ 40 ಎಂ.ಎಂ. ಜಲ್ಲಿ, ಆಮೇಲೆ 20 ಎಂ.ಎಂ., ಪ್ರತಿ 4 ಇಂಚಿಗೂ ದಮ್ಮಸು. ಕೆಲಸ ಕೆಳಗಿನಿಂದ ಶುರು. ಮೊದಲ ಕಲ್ಲು ನೆಲದಲ್ಲಿ ಗಟ್ಟಿಯಾಗಿ ಕೂತಿರಬೇಕು. ಮೇಲಿನ ಎಲ್ಲದರ ತಳ್ಳುವ ಭಾರ ಅದರ ಮೇಲೆಯೇ. ಕಲ್ಲು 4 ಅಡಿ ಉದ್ದ, 15 ಇಂಚು ಅಗಲ, 6 ಇಂಚು ದಪ್ಪ. 13 ಇಂಚು ಕಾಲಿಗೆ, 2 ಇಂಚು ಮೇಲಿನ ಕಲ್ಲಿನ ಅಡಿಗೆ. ಒಂದೊಂದು 190 ಕಿಲೋ ತೂಗುತ್ತದೆ, ನಾಲ್ಕು ಜನ ಬೇಕು. ಪ್ರತಿ ಕಲ್ಲೂ ಮುಂದಕ್ಕೆ ಒಂದು ನೂಲು (ಇಂಚಿನ ಎಂಟನೆಯ ಒಂದು ಭಾಗ) ಇಳಿಜಾರು, ನೀರು ನಿಲ್ಲಬಾರದು.

ಕ್ಯಾಲ್ಗರಿಯಿಂದ, ನಾಪೋಕ್ಲು ಹುಡುಗಿ · ಜನವರಿ 18

ಇಳಿಜಾರು ಕೊಡುವಾಗ ಜಾಸ್ತಿ ಬೇಡ ಅಣ್ಣ. ಇಲ್ಲಿ ನೂರಕ್ಕೆ ಒಂದೆರಡು ಅಷ್ಟೇ. 13 ಇಂಚಿಗೆ ಐದಾರು ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಆದರೆ ಇಳಿಯುವಾಗ ಪಾದ ಮುಂದಕ್ಕೆ ಎಳೆಯುತ್ತದೆ.

ಕರಿಮೆಣಸು, ಮಾದಾಪುರ · ಜನವರಿ 19

ಪಾಚಿಗೆ ಏನು ಮಾಡುತ್ತೀರಿ? ಎಷ್ಟೇ ಒರಟು ಕಲ್ಲಾದರೂ ಜುಲೈನಲ್ಲಿ ಹಸಿರಾಗುತ್ತದೆ. ನಮ್ಮ ಪಕ್ಕದವರು ಉಪ್ಪು ಚೆಲ್ಲುತ್ತಾರೆ. ಫಾರಿನ್‌ನಲ್ಲೂ ಉಪ್ಪೇ ಹಾಕುತ್ತಾರಂತಲ್ಲ? ನಾನು ಕಾಫಿಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಮೆಟ್ಟಿಲಿಗೆ ಹೊಡೆಯುತ್ತೇನೆ. ಪಾಚಿ ಸಾಯುತ್ತದೆ.

ಕ್ಯಾಲ್ಗರಿಯಿಂದ, ನಾಪೋಕ್ಲು ಹುಡುಗಿ · ಜನವರಿ 19

ಇಲ್ಲಿ ಉಪ್ಪು ಹಾಕುವುದು ಗಡ್ಡೆ ಕರಗಲಿ ಅಂತ. ಅದೂ ಮೈನಸ್ 10ರ ಕೆಳಗೆ ಇಳಿದರೆ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಕರಗಿದ ಉಪ್ಪು ನೀರು ಕಾಂಕ್ರೀಟ್ ಒಳಗೆ ಹೋಗಿ, ಮತ್ತೆ ಹೆಪ್ಪುಗಟ್ಟಿ, ಮೇಲಿನ ಪದರವನ್ನೇ ಕಿತ್ತು ಹಾಕುತ್ತದೆ. ನಾವು ಮರಳು ಚೆಲ್ಲುತ್ತೇವೆ. ತೋಟದ ಮನೆಗೆ ಉಪ್ಪು ಬೇಡವೇ ಬೇಡ. ಮಳೆಗೆ ತೊಳೆದು ನೇರ ಮೆಣಸಿನ ಬಳ್ಳಿಯ ಬುಡಕ್ಕೆ ಹೋಗುತ್ತದೆ.

ಸಿವಿಲ್, ಕುಶಾಲನಗರ · ಜನವರಿ 19

ಬೋರ್ಡೋದಲ್ಲಿ ಮೈಲುತುತ್ತು ಇದೆ, ತಾಮ್ರ. ಪಾಚಿ ಸಾಯುವುದು ನಿಜ. ಆದರೆ ತಾಮ್ರ ಮೀನಿಗೆ ವಿಷ. ಮೆಟ್ಟಿಲಿನ ನೀರು ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರುವ ಕಡೆ ದಯವಿಟ್ಟು ಹೊಡೆಯಬೇಡಿ. ಗಟ್ಟಿ ಬ್ರಷ್‌ನಲ್ಲಿ 15 ದಿನಕ್ಕೊಮ್ಮೆ ಉಜ್ಜುವುದೇ ಒಳ್ಳೆಯದು. ತೀರಾ ಹಸಿರಾದರೆ ಮಳೆ ಬಿಟ್ಟ ದಿನ ಸ್ವಲ್ಪ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ. ಅದನ್ನು ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ.

ಹೊಳಪಿನ ಸೀಲರ್ ಕೂಡ ಬೇಡ. ಕಷ್ಟಪಟ್ಟು ಒರಟು ಮಾಡಿದ ಕಲ್ಲನ್ನು ಮತ್ತೆ ನುಣ್ಣಗೆ ಮಾಡಿದ ಹಾಗಾಗುತ್ತದೆ.

ಕರಿಮೆಣಸು, ಮಾದಾಪುರ · ಜನವರಿ 20

ತೋಡಿನ ವಿಷಯ ಯೋಚಿಸಿರಲಿಲ್ಲ. ನಿಲ್ಲಿಸುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಮೆಟ್ಟಿಲ ಮೇಲೆ ಸಿಲ್ವರ್ ಓಕ್ ಕೊಂಬೆ ಇದ್ದರೆ ಏಪ್ರಿಲ್‌ನಲ್ಲೇ ಕಪಾತು ಮಾಡಿಸಿ. ಒದ್ದೆ ಎಲೆ ಪಾಚಿಗಿಂತ ಜಾಸ್ತಿ ಜಾರುತ್ತದೆ. ಬಿಸಿಲು ಬಿದ್ದ ಕಲ್ಲಿಗೆ ಪಾಚಿಯೂ ಕಡಿಮೆ.

ಫಿಸಿಯೋ, ಮಡಿಕೇರಿ · ಜನವರಿ 21

ಇಷ್ಟು ಮಾತಾಡಿದಿರಿ, ಯಾರೂ ಹಿಡಿಕೆ ಬಗ್ಗೆ ಹೇಳಲಿಲ್ಲವಲ್ಲ. ಮಳೆಗಾಲದಲ್ಲಿ ಮಣಿಕಟ್ಟು, ಸೊಂಟ ಮುರಿದುಕೊಂಡು ನನ್ನ ಹತ್ತಿರ ಬರುವವರನ್ನು ಕೇಳುತ್ತೇನೆ, "ಹಿಡಿಯಲು ಏನಾದರೂ ಇತ್ತಾ?" ಅಂತ. ಹೆಚ್ಚಿನವರು ಇಲ್ಲ ಅನ್ನುತ್ತಾರೆ.

ಎರಡೂ ಬದಿಗೆ ಹಾಕಿಸಿ. ನಿಮ್ಮ ಅಮ್ಮನ ಬಲಗೈಗೆ ಪೆಟ್ಟಾಗಿದೆ. ಹತ್ತುವಾಗ ಎಡಗೈಗೆ ಸಿಗುವುದು ಇಳಿಯುವಾಗ ಬಲಕ್ಕೆ ಬರುತ್ತದೆ. ಮೆಟ್ಟಿಲ ಅಂಚಿನಿಂದ 34ರಿಂದ 38 ಇಂಚು ಎತ್ತರ. ದುಂಡಗಿನ ಪೈಪ್, ಒಂದೂವರೆ ಇಂಚು. ಮುಷ್ಟಿಯಲ್ಲಿ ಪೂರ್ತಿ ಹಿಡಿಯಲು ಬರಬೇಕು. ಅಗಲದ ಕಟ್ಟೆ ಮೇಲೆ ಕೈ ಇಟ್ಟರೆ ಹಿಡಿತ ಸಿಗುವುದಿಲ್ಲ, ಜಾರುವಾಗ ಕೈಯೂ ಜಾರುತ್ತದೆ. ಕೊನೆಯ ಮೆಟ್ಟಿಲು ದಾಟಿ ಒಂದು ಅಡಿ ಮುಂದಕ್ಕೂ ಪೈಪ್ ಇರಲಿ. ನೆಲ ಬಂತು ಅಂತ ಕೈ ಬಿಟ್ಟ ಮೇಲೆ ಬೀಳುವವರು ತುಂಬಾ ಜನ.

ಮೆಟ್ಟಿಲ ಬದಿಗೆ ಕಾಲ ಹತ್ತಿರ ಲೈಟ್ ಹಾಕಿ. ತಲೆ ಮೇಲಿನ ಬಲ್ಬಿನಿಂದ ನಮ್ಮ ನೆರಳು ಮೆಟ್ಟಿಲ ಮೇಲೆಯೇ ಬೀಳುತ್ತದೆ.

ಮಾಜಿ ಸೈನಿಕ, ವಿರಾಜಪೇಟೆ · ಜನವರಿ 21

ಮೇಡಂ ಹೇಳಿದ್ದು ಸತ್ಯ. ಅಲ್ಲಿ ನಾವು ಕಂಬ ನೆಟ್ಟು ಹಗ್ಗ ಕಟ್ಟಿದ್ದೆವು. ಕಬ್ಬಿಣ ಇಡಲಿಲ್ಲ, ಆ ಚಳಿಗೆ ಒದ್ದೆ ಕೈ ಕಬ್ಬಿಣಕ್ಕೆ ಅಂಟಿ ಚರ್ಮ ಕಿತ್ತು ಬರುತ್ತದೆ. ನಿಮ್ಮಲ್ಲಿ ಜಿಐ ಪೈಪ್ ಸಾಕು.

ಹಟ್ಟಿಹೊಳೆ ತೋಟ · ಏಪ್ರಿಲ್ 9

ಕೆಲಸ ಮುಗಿಯಿತು. ಮಧ್ಯದಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಂದು ನಾಲ್ಕು ದಿನ ನಿಂತಿತ್ತು. ತೆರೆದ ಬರೆಗೆ ಟಾರ್ಪಾಲ್ ಹೊದಿಸಿದ್ದೆವು. ಹಳೆಯ ಮೆಟ್ಟಿಲು ಒಡೆದಾಗ 6ನೆಯದರ ಅಡಿಯಲ್ಲಿ ನನ್ನ ಮೊಣಕೈವರೆಗೆ ಹೋಗುವಷ್ಟು ಪೊಳ್ಳು ಇತ್ತು. ಮಣ್ಣೇ ಇರಲಿಲ್ಲ. ಇಷ್ಟು ವರ್ಷ ನಾವೆಲ್ಲ ಬರೀ ಸಿಮೆಂಟ್ ಚಿಪ್ಪಿನ ಮೇಲೆ ಓಡಾಡಿದ್ದೇವೆ. ಮಕ್ಕಳು ಅದರ ಮೇಲೆ ಓಡಿ ಇಳಿಯುತ್ತಿದ್ದದ್ದು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಮೇಸ್ತ್ರಿ ಅಣ್ಣ ಟ್ಯೂಬ್ ಲೆವೆಲ್ ಹಿಡಿದು ಪ್ರತಿ ಕಲ್ಲನ್ನೂ ಮೂರು ಮೂರು ಸಲ ಎತ್ತಿ ಕೂರಿಸಿದರು. ಮಾಡಿನ ಪೈಪ್ ಈಗ ನೇರ ರಸ್ತೆ ಚರಂಡಿಗೆ. ಸಂದಿಗೆ ಸಿಮೆಂಟ್ ಇಲ್ಲ, ಸಣ್ಣ ಜಲ್ಲಿ ತುಂಬಿದ್ದೇವೆ.

ಹಟ್ಟಿಹೊಳೆ ತೋಟ · ಆಗಸ್ಟ್ 6

ಮೂರು ದಿನದಲ್ಲಿ 14 ಇಂಚು ಮಳೆ ಬಂತು. ಕೊಡೆ ಹಿಡಿದು ಮೆಟ್ಟಿಲಲ್ಲೇ ನಿಂತು ನೋಡಿದೆ. ಅಂಗಳದ ನೀರು ಅಡ್ಡ ಚರಂಡಿ ದಾಟಿ ಬರಲಿಲ್ಲ. ಯಾವ ಕಲ್ಲಿನ ಬುಡದಲ್ಲೂ ಮಣ್ಣು ನೀರು ಬರುತ್ತಿಲ್ಲ, ಜಿನುಗಿದ್ದೆಲ್ಲ ತಿಳಿ. ಮಧ್ಯದ ಸಮತಟ್ಟು ಜಾಗದಲ್ಲಿ ಮಾತ್ರ ಎಡ ಮೂಲೆಯಲ್ಲಿ ಬೆರಳು ಗಾತ್ರ ನೀರು ನಿಲ್ಲುತ್ತಿದೆ. ಅಲ್ಲಿ ಪಾಚಿ ಶುರುವಾಗಿದೆ, ದಿನಾ ಉಜ್ಜುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಅಮ್ಮ ಯಾರಿಗೂ ಹೇಳದೆ ಎರಡು ಕೈಯಲ್ಲೂ ಪೈಪ್ ಹಿಡಿದುಕೊಂಡು ಇಳಿದು ಹೋಗಿ, ಎದುರು ಮನೆಯವರ ಹತ್ತಿರ ಅರ್ಧ ಗಂಟೆ ಮಾತಾಡಿ ಬಂದರು. ನಾನು ಮೇಲಿನಿಂದ ನೋಡುತ್ತಾ ನಿಂತಿದ್ದೆ. ಕೆಳಗೆ ಹೋಗಲಿಲ್ಲ.

ಮೇಸ್ತ್ರಿ ಅಣ್ಣ, ಆ ಮೂಲೆ ಕಲ್ಲನ್ನು ಸರಿ ಮಾಡಬಹುದಾ?

ಕಲ್ಲು ಕೆಲಸ, ಸೋಮವಾರಪೇಟೆ · ಆಗಸ್ಟ್ 6

ಸಿಮೆಂಟ್ ಇಲ್ಲವಲ್ಲ, ಎತ್ತಿ ಅಡಿಗೆ ಎರಡು ಬುಟ್ಟಿ ಜಲ್ಲಿ ಹಾಕಿದರೆ ಆಯಿತು. ಮಳೆಯಲ್ಲಿ ಬೇಡ. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಮಳೆ ಬಿಟ್ಟ ದಿನ ನೋಡಿ ಬರುತ್ತೇನೆ. ಎರಡು ಹಾರೆ ರೆಡಿ ಇಡಿ.